ಪುಟ್ಟಣ್ಣ ಹೋಗಿ 40 ವರ್ಷ: ನಿಮ್ಮ ಮನಸ್ಸಲ್ಲಿ ಉಳಿದ ಒಂದು ದೃಶ್ಯ ಹೇಳಿ

ಕುಂಬಳೆ ಕಡಲು

ಎಲ್ಲರಿಗೂ ನಮಸ್ಕಾರ. ಇವತ್ತು 2025ರ ಜೂನ್ 5. ಸಿನಿಮಾ ನಿರ್ದೇಶಕ ಪುಟ್ಟಣ್ಣ ಕಣಗಾಲ್ ತೀರಿಕೊಂಡು ಇವತ್ತಿಗೆ 40 ವರ್ಷ. ಆ ದಿನ ನನಗೆ ಚೆನ್ನಾಗಿ ನೆನಪುಂಟು. ಶಾಲೆ ಸುರುವಾಗಿ ನಾಲ್ಕೈದು ದಿನ ಆಗಿತ್ತು. ಹೊಸ ಕೊಡೆ, ಹೊರಗೆ ಮಳೆ. ಅಮ್ಮ ಬೇಸಗೆಯಲ್ಲಿ ಒಣಗಿಸಿದ ಹಲಸಿನ ಹಪ್ಪಳ ಎಣಿಸಿ ಎಣಿಸಿ ಡಬ್ಬಕ್ಕೆ ತುಂಬಿಸುತ್ತಿದ್ದರು. ರೇಡಿಯೋದಲ್ಲಿ ಸುದ್ದಿ ಬಂತು. ಅಮ್ಮನ ಎಣಿಕೆ ನಿಂತಿತು. ಕೈಯಲ್ಲಿದ್ದ ಹಪ್ಪಳ ಹಾಗೇ ಹಿಡಿದುಕೊಂಡು ಸುಮ್ನೆ ಕೂತರು. ಆಮೇಲೆ ಹೇಳಿದ್ದು ಇಷ್ಟೇ: "ಮಸಣದ ಹೂವು ಇನ್ನೂ ಮುಗಿದಿರಲಿಲ್ಲವಲ್ಲ." ವಾರಪತ್ರಿಕೆಯಲ್ಲಿ ಓದಿ ಅವರಿಗೆ ಅದೆಲ್ಲ ಗೊತ್ತಿತ್ತು. ಕೊನೆಗೆ ಆ ಸಿನಿಮಾವನ್ನು ಕೆ.ಎಸ್.ಎಲ್. ಸ್ವಾಮಿಯವರು ಮುಗಿಸಿಕೊಟ್ಟರು.

ಅಮ್ಮ ಈಗ ಇಲ್ಲ. ಪ್ರತಿ ವರ್ಷ ಈ ದಿನ ಬಂದಾಗ ಯಾರ ಹತ್ತಿರವಾದರೂ ಪುಟ್ಟಣ್ಣನ ಬಗ್ಗೆ ಮಾತಾಡಬೇಕು ಅನಿಸುತ್ತದೆ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ನನ್ನದು ಒಂದೇ ಕೋರಿಕೆ, ಯಾವ ಸಿನಿಮಾ ಇಷ್ಟ ಅಂತ ಮಾತ್ರ ಹೇಳಿ ಹೋಗಬೇಡಿ. ಒಂದು ದೃಶ್ಯ ಹೇಳಿ. ಅದು ನಿಮ್ಮೊಳಗೆ ಯಾಕೆ ಉಳಿಯಿತು ಅಂತ ಹೇಳಿ.

ನನ್ನದು ನಾಗರಹಾವಿನದ್ದು. ಚಾಮಯ್ಯ ಮೇಷ್ಟ್ರ ಮಾತಿಗೆ ಕಟ್ಟುಬಿದ್ದು ರಾಮಾಚಾರಿ ಅಲಮೇಲುವನ್ನು ಬಿಟ್ಟುಕೊಡುತ್ತಾನೆ. ವರ್ಷಗಳ ನಂತರ ಒಂದು ಹೋಟೆಲಿನಲ್ಲಿ ಅವಳು ಸಿಗುತ್ತಾಳೆ, ಸಿಗಬಾರದ ಸ್ಥಿತಿಯಲ್ಲಿ. ಆ ಹೊತ್ತಿಗೆ ವಿಷ್ಣುವರ್ಧನ್ ಮುಖ ನೋಡಬೇಕು. ಕೋಪ ಯಾರ ಮೇಲೆ ಮಾಡುವುದು ಅಂತ ಗೊತ್ತಾಗದ ಮುಖ ಅದು. ನಾನು ಕನ್ನಡ ಶಾಲೆಯಲ್ಲಿ ಕಲಿತವನು, ನನಗೂ ದೇವರಂಥ ಒಬ್ಬ ಮಾಷ್ಟ್ರು ಇದ್ದರು. ಮಾಷ್ಟ್ರು ಕೂಡ ತಪ್ಪಬಹುದು, ತುಂಬ ಪ್ರೀತಿ ಇಟ್ಟುಕೊಂಡೇ ತಪ್ಪಬಹುದು ಅಂತ ನನಗೆ ಮೊದಲು ತೋರಿಸಿದ್ದು ಆ ದೃಶ್ಯ.

ಬದಿಯಡ್ಕ ಮಾಷ್ಟ್ರು

ಕಡಲು ಅವರೇ, ಒಳ್ಳೆಯ ಕೆಲಸ ಮಾಡಿದಿರಿ. ದೃಶ್ಯ ಆಮೇಲೆ ಹೇಳುತ್ತೇನೆ. ನಮ್ಮ ಕಡೆಯ ಹುಡುಗರಿಗೆ ಗೊತ್ತಿರಬೇಕಾದ ಒಂದು ವಿಷಯ ಉಂಟು, ಅದನ್ನು ಮೊದಲು ಬರೆಯುತ್ತೇನೆ.

ಪುಟ್ಟಣ್ಣ ಹುಟ್ಟಿದ್ದು 1933ರ ಡಿಸೆಂಬರ್ 1ಕ್ಕೆ, ಪಿರಿಯಾಪಟ್ಟಣದ ಹತ್ತಿರದ ಕಣಗಾಲಿನಲ್ಲಿ. ಕೆಲಸ ಕಲಿತದ್ದು ಬಿ.ಆರ್. ಪಂತುಲು ಅವರ ಹತ್ತಿರ, ಮದರಾಸಿನಲ್ಲಿ. ಆದರೆ ಸ್ವಂತವಾಗಿ ನಿರ್ದೇಶನಕ್ಕೆ ಇಳಿದದ್ದು ಕನ್ನಡದಲ್ಲಿ ಅಲ್ಲ. ಮಲಯಾಳದಲ್ಲಿ! 1964ರಲ್ಲಿ ಸ್ಕೂಲ್ ಮಾಸ್ಟರ್ ಮಾಡಿದರು, ಪಂತುಲು ಅವರ ಕನ್ನಡ ಚಿತ್ರದ ಕಥೆಯೇ ಅದು. ಅದೇ ವರ್ಷ ಕಳಞ್ಞು ಕಿಟ್ಟಿಯ ತಂಗಂ, ಮರುವರ್ಷ ಚೇಟ್ಟತ್ತಿ, 1966ರಲ್ಲಿ ಪೂಚ್ಚಕ್ಕಣ್ಣಿ. ಅಲ್ಲೆಲ್ಲ ಅವರ ಹೆಸರು ಎಸ್.ಆರ್. ಪುಟ್ಟಣ್ಣ. ಬೆಳ್ಳಿಮೋಡ ಬಂದದ್ದು 1967ರಲ್ಲಿ. ಕನ್ನಡದವರು ಚಿತ್ರಬ್ರಹ್ಮ ಅಂತ ಕರೆದ ಮನುಷ್ಯ ಕೈ ಪಳಗಿಸಿಕೊಂಡದ್ದು ನಮ್ಮ ನೆರೆಮನೆಯ ಭಾಷೆಯಲ್ಲಿ.

ನಾನು 31 ವರ್ಷ ಕನ್ನಡ ಮಾಧ್ಯಮದ ಶಾಲೆಯಲ್ಲಿ ಪಾಠ ಮಾಡಿದವನು. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿದ ನಂತರ ಇಲ್ಲಿ ಕನ್ನಡ ಮಾತಾಡುವವನಿಗೆ ತಾನು ಅತ್ತಲೂ ಇಲ್ಲ, ಇತ್ತಲೂ ಇಲ್ಲ ಅಂತ ಒಂದು ಸಂಕಟ ಇದ್ದೇ ಇತ್ತು. ಕ್ಲಾಸಿನಲ್ಲಿ ಹುಡುಗರಿಗೆ ನಾನು ಪುಟ್ಟಣ್ಣನ ಕಥೆ ಹೇಳುತ್ತಿದ್ದೆ. ಎರಡು ಭಾಷೆ ಬರುವುದು ದೌರ್ಬಲ್ಯ ಅಲ್ಲ ಮಕ್ಕಳೇ, ಎರಡು ಕಡೆ ಕಿಟಕಿ ಇರುವ ಕೋಣೆಯಲ್ಲಿ ಗಾಳಿ ಜಾಸ್ತಿ ಅಂತ.

ಹೊಸದುರ್ಗದವ

ಮಾಷ್ಟ್ರೇ, ಪೂಚ್ಚಕ್ಕಣ್ಣಿ ಹೆಸರು ಓದಿ ಕೂತಲ್ಲಿಂದ ಎದ್ದೆ. ನನ್ನ ಅಪ್ಪ ಮಲಯಾಳಿ, ಅಮ್ಮ ಕನ್ನಡದವರು, ಮಧೂರಿನ ಕಡೆಯವರು. ಮನೆಯಲ್ಲಿ ಅಪ್ಪನಿಗೆ ಮಲಯಾಳ ಸಿನಿಮಾದ ಸತ್ಯನ್ ಮತ್ತು ನಸೀರ್, ಅಮ್ಮನಿಗೆ ತ್ರಿವೇಣಿ ಕಾದಂಬರಿ. ಒಮ್ಮೆ ಅಪ್ಪ ಹಳೆಯ ಸಿನಿಮಾಗಳ ಸುದ್ದಿ ಹೇಳುವಾಗ ಪೂಚ್ಚಕ್ಕಣ್ಣಿ ಕಥೆ ಹೇಳಿದರು. ಅರ್ಧ ಆಗುವಷ್ಟರಲ್ಲಿ ಅಮ್ಮ ಅಡುಗೆಮನೆಯಿಂದ ಉಳಿದ ಅರ್ಧ ಹೇಳಿದರು. ಅಪ್ಪನಿಗೆ ಆಶ್ಚರ್ಯ, ನೀನು ಯಾವಾಗ ನೋಡಿದೆ ಅಂತ. ಅಮ್ಮ ನೋಡಿರಲೇ ಇಲ್ಲ. ಅವರು ಓದಿದ್ದು ತ್ರಿವೇಣಿಯ ಬೆಕ್ಕಿನ ಕಣ್ಣು. ಅದೇ ಕಥೆ, ಅದೇ ಹೆಸರು, ಮಲಯಾಳದಲ್ಲಿ ಪೂಚ್ಚಕ್ಕಣ್ಣಿ.

ಅಂದರೆ ಪುಟ್ಟಣ್ಣ ತ್ರಿವೇಣಿಯನ್ನು ತೆರೆಗೆ ತಂದದ್ದು ಬೆಳ್ಳಿಮೋಡಕ್ಕಿಂತ ಮೊದಲೇ, ಅದೂ ಮಲಯಾಳದಲ್ಲಿ. ನಮ್ಮ ಮನೆಯಲ್ಲಿ ಆ ದಿನದಿಂದ ಪುಟ್ಟಣ್ಣ ಯಾರವರು ಎಂಬ ಜಗಳವೇ ಇಲ್ಲ. ಇಬ್ಬರಿಗೂ ಸೇರಿದವರು.

ದೃಶ್ಯ ಕೇಳಿದಿರಿ. ನನ್ನದು ಎಡಕಲ್ಲು ಗುಡ್ಡದ ಮೇಲೆಯದ್ದು. ಒಂದು ದೃಶ್ಯ ಅಂತ ಬಿಡಿಸಿ ಹೇಳಲಿಕ್ಕೆ ಆಗುವುದಿಲ್ಲ, ಜಯಂತಿಯವರ ಮಾಧವಿ ಒಬ್ಬಳೇ ಇರುವಾಗ ಬರುವ ವಿರಹದ ಹಾಡು. ಭಾರತೀಸುತರ ಕಾದಂಬರಿ ಅದು. ಎಡಕಲ್ಲು ಇರುವುದು ವಯನಾಡಿನಲ್ಲಿ. ಎರಡು ಸಲ ಹತ್ತಿ ಬಂದಿದ್ದೇನೆ. ಅಲ್ಲಿ ಎಲ್ಲರೂ ಗುಹೆಯ ಗೋಡೆಯ ಕೆತ್ತನೆ ನೋಡುತ್ತಿದ್ದರು, ನಾನು ಹೊರಗೆ ನಿಂತು ಕೆಳಗಿನ ಕಾಡು ನೋಡುತ್ತ ಮಾಧವಿಯನ್ನು ನೆನೆಯುತ್ತಿದ್ದೆ. ಗಂಡಸಿನ ಆಸೆಯ ಬಗ್ಗೆ ಎಷ್ಟೋ ಸಿನಿಮಾ ಬಂದಿವೆ. 1973ರಲ್ಲಿ, ಮದುವೆಯಾದ ಒಬ್ಬ ಹೆಂಗಸಿನ ಆಸೆಯನ್ನು ಇಷ್ಟು ಮರ್ಯಾದೆಯಿಂದ ಯಾರು ತೋರಿಸಿದ್ದರು ಹೇಳಿ.

ಪೆರ್ಲದ ರೇಡಿಯೋ

ನನ್ನದು ಹಾಡು. ನಮ್ಮ ಊರಿಗೆ ಪುಟ್ಟಣ್ಣನ ಸಿನಿಮಾ ಬರುವ ಮೊದಲೇ ಹಾಡು ಬರುತ್ತಿತ್ತು. ಮಂಗಳೂರು ಆಕಾಶವಾಣಿ ಸುರುವಾದದ್ದು 1976ರಲ್ಲಿ, ಆ ಮೇಲಂತೂ ಕಿವಿಗೆ ಹಬ್ಬ. ನನ್ನ ಅತ್ತೆ (ಅಪ್ಪನ ತಂಗಿ) ಒಂದು ನೋಟ್‌ಬುಕ್ ಇಟ್ಟಿದ್ದರು. ರೇಡಿಯೋದಲ್ಲಿ ಹಾಡು ಬಂದಾಗ ಬರೆದುಕೊಳ್ಳುವುದು. ಒಂದು ಸಲಕ್ಕೆ ಎರಡು ಸಾಲು ಸಿಕ್ಕಿದರೆ ಹೆಚ್ಚು. ಉಳಿದ ಜಾಗ ಖಾಲಿ ಬಿಟ್ಟು, ಮುಂದೆ ಯಾವಾಗಲಾದರೂ ಬಂದಾಗ ತುಂಬಿಸುವುದು. ಆ ಪುಸ್ತಕ ಈಗ ನನ್ನ ಹತ್ತಿರ ಉಂಟು. ಒಂದು ಹಾಡಿನಲ್ಲಿ ಮೊದಲ ಸಾಲು ನೀಲಿ ಶಾಯಿ, ಎರಡನೆಯದು ಕಪ್ಪು, ಮೂರನೆಯದು ಪೆನ್ಸಿಲು. ಒಂದೆರಡು ಹಾಡಿನ ಖಾಲಿ ಜಾಗ ಕೊನೆಗೂ ತುಂಬಲಿಲ್ಲ.

ಶಾಲೆಯಲ್ಲಿ ಬೇಂದ್ರೆಯವರನ್ನು ನಾವು ಬಾಯಿಪಾಠ ಮಾಡಿದ್ದೆವು, ಆದರೆ ಬೇಂದ್ರೆ ಒಳಗೆ ಇಳಿದದ್ದು ಪುಟ್ಟಣ್ಣನಿಂದ. ಬೆಳ್ಳಿಮೋಡದಲ್ಲಿ ಮೂಡಲ ಮನೆಯ, ಶರಪಂಜರದಲ್ಲಿ ಉತ್ತರ ಧ್ರುವದಿಂ. ವಿಜಯಭಾಸ್ಕರ್ ಅವರ ಸಂಗೀತ. ಕವಿತೆಯನ್ನು ಸಿನಿಮಾಕ್ಕೆ ತರುವುದು ಸುಲಭ ಅಲ್ಲ ಮಾರಾಯ್ರೆ. ಸ್ವಲ್ಪ ಎಡವಿದರೆ ಶಾಲೆಯ ವಾರ್ಷಿಕೋತ್ಸವದ ಹಾಗೆ ಆಗಿಬಿಡುತ್ತದೆ. ಮೂಡಲ ಮನೆಯಲ್ಲಿ ಬೆಳಗಾಗುವುದನ್ನು ಅವರು ಸುಮ್ನೆ ತೋರಿಸುತ್ತ ಹೋಗುತ್ತಾರೆ. ಗುಡ್ಡ, ಬೆಳಕು. ಕಪ್ಪು ಬಿಳುಪು ಚಿತ್ರ ಅದು, ಆದರೂ ನನಗೆ ಅದರಲ್ಲಿ ಬಣ್ಣ ಕಾಣುತ್ತದೆ.

ಇನ್ನೊಂದು. ಸಾಕ್ಷಾತ್ಕಾರದ ಒಲವೇ ಜೀವನ ಸಾಕ್ಷಾತ್ಕಾರ ಬರೆದದ್ದು ಅವರ ಅಣ್ಣ ಕಣಗಾಲ್ ಪ್ರಭಾಕರ ಶಾಸ್ತ್ರಿ, ಸಂಗೀತ ಎಂ. ರಂಗರಾವ್. ಅಮೃತ ಘಳಿಗೆಯ ಹಿಂದೂಸ್ಥಾನವು ಎಂದೂ ಮರೆಯದ ಹಾಡಿದ್ದು ಪಿ. ಜಯಚಂದ್ರನ್, ನಮ್ಮ ಕೇರಳದವರು. ಈ ವರ್ಷ ಜನವರಿಯಲ್ಲಿ ಅವರು ತೀರಿಕೊಂಡ ದಿನ ಇಲ್ಲಿನ ಮಲಯಾಳಿ ಗೆಳೆಯರು ಅವರ ಮಲಯಾಳ ಹಾಡುಗಳನ್ನು ಹಾಕಿದರು, ನಾನು ಇದನ್ನು ಹಾಕಿದೆ. ಒಬ್ಬ ಕೇಳಿದ, ಇವರು ಕನ್ನಡದಲ್ಲೂ ಹಾಡಿದ್ದಾರಾ ಅಂತ. ಅವನಿಗೆ ಹಾಡು ಕಳಿಸಿಕೊಟ್ಟೆ.

ಉಪ್ಪಳದಿಂದ

ನಮಸ್ಕಾರ. ನಾನು ಇಲ್ಲಿ ಎಲ್ಲರಿಗಿಂತ ಚಿಕ್ಕವಳು ಅಂತ ಕಾಣುತ್ತದೆ, 24 ವರ್ಷ. ಪುಟ್ಟಣ್ಣನ ಐದು ಸಿನಿಮಾ ನೋಡಿದ್ದೇನೆ, ಎಲ್ಲ ಮೊಬೈಲಿನಲ್ಲಿ, ರೈಲಿನಲ್ಲಿ ಮಂಗಳೂರಿಗೆ ಕಾಲೇಜಿಗೆ ಹೋಗುವಾಗ ಬರುವಾಗ. ನನಗೆ ಒಂದು ಪ್ರಶ್ನೆ ಇದೆ. ಯಾರೂ ಬೇಜಾರು ಮಾಡಿಕೊಳ್ಳಬೇಡಿ.

ಅವರ ಸಿನಿಮಾದ ಹೆಂಗಸರು ಯಾಕೆ ಯಾವಾಗಲೂ ಸೋಲುತ್ತಾರೆ? ಗೆಜ್ಜೆಪೂಜೆಯ ಚಂದ್ರಾ ಎಷ್ಟು ಓದಬೇಕು ಅಂತ ಆಸೆಪಟ್ಟಳು, ಕೊನೆಗೆ ಸಾಯುತ್ತಾಳೆ. ಶರಪಂಜರದ ಕಾವೇರಿ ಗುಣವಾಗಿ ಮನೆಗೆ ಬಂದವಳು ಮತ್ತೆ ಆಸ್ಪತ್ರೆಗೇ ಹೋಗುತ್ತಾಳೆ. ನಾಗರಹಾವಿನ ಅಲಮೇಲು, ಮಾರ್ಗರೆಟ್, ಒಬ್ಬರಿಗಾದರೂ ಒಳ್ಳೆಯದಾಯಿತಾ? ನೋಡುವಾಗ ಅಳು ಬರುತ್ತದೆ, ನಿಜ. ಆದರೆ ನನ್ನ ಅಜ್ಜಿ, ದೊಡ್ಡಮ್ಮ ಎಲ್ಲರೂ ಈ ಸಿನಿಮಾಗಳನ್ನು ನೋಡಿ ಅತ್ತು, ಮನೆಗೆ ಬಂದು ಮತ್ತೆ ಅದೇ ಪಾತ್ರೆ ತೊಳೆದರು ಅಲ್ವಾ? ಅತ್ತು ಹಗುರವಾಗುವುದರಿಂದ ಏನು ಬದಲಾಯಿತು?

ಇನ್ನೊಂದು ಸಣ್ಣ ಮಾತು. ಕಲ್ಪನಾ ಅವರ ಅಭಿನಯ ನನಗೆ ಸ್ವಲ್ಪ ಜಾಸ್ತಿ ಅನಿಸುತ್ತದೆ. ಕಣ್ಣು, ಕುತ್ತಿಗೆ, ಕೈ ಎಲ್ಲ ಒಟ್ಟಿಗೆ ಮಾತಾಡುತ್ತವೆ.

ಬದಿಯಡ್ಕ ಮಾಷ್ಟ್ರು

ಬೇಜಾರು ಎಂತದ್ದು ಮಗಳೇ, ಒಳ್ಳೆಯ ಪ್ರಶ್ನೆ.

ಅಭಿನಯದ್ದು ಮೊದಲು ಹೇಳುತ್ತೇನೆ. ನಾವು ಯಕ್ಷಗಾನ ಕವಿ ಕುಂಬಳೆ ಪಾರ್ತಿಸುಬ್ಬನ ಸೀಮೆಯವರು. ರಾತ್ರಿಯಿಡೀ ಆಟ ನೋಡಿ ಬೆಳೆದ ಕಣ್ಣು ನಮ್ಮದು. ಸೀತೆಯ ದುಃಖ ಕೊನೆಯ ಸಾಲಿನಲ್ಲಿ ಚಾಪೆ ಹಾಕಿ ಕೂತವನಿಗೂ ಮುಟ್ಟಬೇಕು. ಆ ಅಳತೆಯಲ್ಲಿ ನೋಡಿದರೆ ಕಲ್ಪನಾ ಜಾಸ್ತಿ ಅಲ್ಲ. ಕಲ್ಪನಾ ನನಗೆ ಯಾವತ್ತೂ ತೆರೆಗಿಂತ ಹೆಚ್ಚಾಗಿ ರಂಗಸ್ಥಳದಲ್ಲಿ ನಿಂತ ಹಾಗೆ ಕಾಣುತ್ತಿದ್ದರು. ಅದು ಅವರ ಶಕ್ತಿ. ನೀನು ಮೊಬೈಲಿನಲ್ಲಿ ಒಂದು ಗೇಣು ದೂರದಿಂದ ನೋಡುತ್ತೀ, ನಾವು ಟಾಕೀಸಿನಲ್ಲಿ ಮರದ ಬೆಂಚಿನಿಂದ ನೋಡಿದೆವು.

ಸೋಲಿನ ಮಾತು. ಈಗ ನನ್ನ ದೃಶ್ಯ ಹೇಳಬಹುದು. ಬೆಳ್ಳಿಮೋಡದ ಕೊನೆ. ಮೋಹನ ಇಂದಿರೆಯ ಅಪ್ಪನ ದುಡ್ಡಿನಲ್ಲಿ ಪರದೇಶಕ್ಕೆ ಹೋಗಿ ಓದಿದವನು. ಅವಳಿಗೆ ತಮ್ಮ ಹುಟ್ಟಿದ, ಆಸ್ತಿ ಬರುವುದಿಲ್ಲ ಅಂತ ಗೊತ್ತಾದ ಕೂಡಲೇ ಮದುವೆ ಬೇಡ ಅನ್ನುತ್ತಾನೆ. ಮುಂದೆ ಅವನಿಗೆ ಅಪಘಾತವಾದಾಗ ಇಂದಿರೆಯೇ ಆರೈಕೆ ಮಾಡುತ್ತಾಳೆ. ಅವನಿಗೆ ಬುದ್ಧಿ ಬರುತ್ತದೆ, ಈಗ ಮದುವೆಯಾಗುತ್ತೇನೆ ಅನ್ನುತ್ತಾನೆ. ಟಾಕೀಸಿನಲ್ಲಿ ಕೂತ ನಾವೆಲ್ಲ, ಸರಿ, ಇನ್ನು ಮದುವೆ, ಮಂಗಳ, ಮನೆಗೆ ಹೋಗುವುದು ಅಂತ ಚಪ್ಪಲಿ ಹುಡುಕಲು ಸುರು ಮಾಡಿದ್ದೆವು. ಆಗ ಇಂದಿರೆ ಬೇಡ ಅನ್ನುತ್ತಾಳೆ. 1967ರಲ್ಲಿ, ಮನೆಯ ಬಾಗಿಲಿಗೆ ಬಂದ ಗಂಡನ್ನು ಬೇಡ ಅಂದ ನಾಯಕಿ! ಜನ ಎದ್ದವರು ಮತ್ತೆ ಕೂತರು. ನನ್ನ ಪಕ್ಕದಲ್ಲಿದ್ದ ಒಬ್ಬ ಹಿರಿಯರು "ಸರಿ ಮಾಡಿದಳು" ಅಂತ ಗಟ್ಟಿಯಾಗಿಯೇ ಹೇಳಿದರು.

ಮತ್ತೆ ಆ ಕಥೆಗಳೆಲ್ಲ ಕಾದಂಬರಿಗಳು. ತ್ರಿವೇಣಿ, ಎಂ.ಕೆ. ಇಂದಿರಾ, ತ.ರಾ.ಸು., ವಾಣಿ. ಕೊನೆ ಬರೆದದ್ದು ಅವರು.

ಉಪ್ಪಳದಿಂದ

ಮಾಷ್ಟ್ರೇ, ಬೆಳ್ಳಿಮೋಡ ನಾನು ನೋಡಿಲ್ಲ. ಈ ವಾರ ನೋಡುತ್ತೇನೆ. ಆದರೆ ಕಾದಂಬರಿಯಲ್ಲಿ ಹಾಗಿತ್ತು ಅನ್ನುವುದನ್ನು ನಾನು ಒಪ್ಪುವುದಿಲ್ಲ. ನೂರು ಕಾದಂಬರಿಗಳಲ್ಲಿ ಇದನ್ನೇ ಆರಿಸಿಕೊಂಡದ್ದು ನಿರ್ದೇಶಕರೇ ಅಲ್ವಾ?

ತಾಳವಾಡಿ ಹುಡುಗ

ನಮಸ್ಕಾರ ಅಣ್ಣಂದಿರಾ, ಅಕ್ಕಂದಿರಾ. ನಾನು ನಿಮ್ಮ ಹಾಗೇ ಗಡಿಯವನು, ಆದರೆ ಈ ಕಡೆ. ತಾಳವಾಡಿ, ಈರೋಡು ಜಿಲ್ಲೆ. ಗಾಜನೂರು ನಮ್ಮೂರ ಪಕ್ಕವೇ, ಆದ್ದರಿಂದ ಇಲ್ಲಿ ಎಲ್ಲ ಮಾತೂ ರಾಜಣ್ಣನಿಂದ ಸುರುವಾಗುತ್ತದೆ. ಮಲ್ಲಮ್ಮನ ಪವಾಡ, ಕರುಳಿನ ಕರೆ, ಸಾಕ್ಷಾತ್ಕಾರ, ಈ ಮೂರೇ ಇಬ್ಬರೂ ಒಟ್ಟಿಗೆ ಮಾಡಿದ್ದು. ಇನ್ನೂ ಮಾಡಬೇಕಿತ್ತು ಅಂತ ನಮ್ಮ ತಾತ ಸಾಯುವ ತನಕ ಹೇಳುತ್ತಿದ್ದರು. ಸಾಕ್ಷಾತ್ಕಾರದಲ್ಲಿ ಪೃಥ್ವಿರಾಜ್ ಕಪೂರ್ ಅವರೂ ಇದ್ದಾರೆ.

ತಮಿಳಿನವರಿಗೂ ಪುಟ್ಟಣ್ಣ ಹೊರಗಿನವರಲ್ಲ. 1968ರಲ್ಲಿ ಟೀಚರಮ್ಮ ಮಾಡಿದರು. ಭಾರತಿರಾಜಾ ಅವರು ಪುಟ್ಟಣ್ಣನವರ ಹತ್ತಿರ ಸಹಾಯಕರಾಗಿದ್ದವರು. ಸ್ಟುಡಿಯೋ ಬಿಟ್ಟು ಹಳ್ಳಿಗೆ ಕ್ಯಾಮೆರಾ ತಂದವರು ಅಂತ ಇಲ್ಲಿ ಅವರನ್ನು ಹೊಗಳುವಾಗೆಲ್ಲ ನಾನು ಪಡುವಾರಳ್ಳಿ ಪಾಂಡವರು ನೋಡಿ, ನಾಗರಹಾವಿನಲ್ಲಿ ಚಿತ್ರದುರ್ಗದ ಆ ಕಲ್ಲುಬೆಟ್ಟ ನೋಡಿ ಅನ್ನುತ್ತೇನೆ.

ಉಪ್ಪಳದ ತಂಗಿ ಕೇಳಿದ್ದಕ್ಕೆ ನನ್ನ ಉತ್ತರ ಮಾನಸ ಸರೋವರ. 1982. ಅಲ್ಲಿ ಮನಸ್ಸು ಕೆಡುವುದು ಗಂಡಸಿಗೆ. ಅದೂ ಅಂಥವರನ್ನು ವಾಸಿ ಮಾಡುವ ಡಾಕ್ಟರಿಗೆ. ತಾನು ಗುಣಪಡಿಸಿದ ಹುಡುಗಿಯನ್ನು ಪ್ರೀತಿಸುತ್ತಾನೆ, ಅವಳ ಮನಸ್ಸು ಬೇರೆ ಕಡೆ ಹೋಗುತ್ತದೆ. ಶ್ರೀನಾಥ್ ಅವರು ನೀನೇ ಸಾಕಿದಾ ಗಿಣಿ ಅಂತ ಹಾಡುತ್ತ ಅಲೆಯುವುದು ನನ್ನ ದೃಶ್ಯ. ಬಟ್ಟೆಯ ಮೇಲೆ ಗಮನ ಇಲ್ಲ, ದಾರಿಯ ಮೇಲೆ ಗಮನ ಇಲ್ಲ. ಒಬ್ಬ ಓದಿದ ಮನುಷ್ಯ ತನ್ನ ರೋಗ ತನಗೇ ಗೊತ್ತಿದ್ದೂ ಏನೂ ಮಾಡಲಾಗದೆ ಒಳಗೇ ಕುಸಿಯುವುದು. ಹಾಗಾಗಿ ಪುಟ್ಟಣ್ಣ ಹೆಂಗಸರನ್ನು ಮಾತ್ರ ಸೋಲಿಸಿದರು ಅಂತ ನನಗೆ ಅನಿಸುವುದಿಲ್ಲ. ಮನಸ್ಸು ಎಲ್ಲಿ ಮುರಿಯುತ್ತದೆ ಅಂತ ನೋಡುವುದು ಅವರಿಗೆ ಬೇಕಿತ್ತು.

ಮುಳ್ಳೇರಿಯದ ಅಕ್ಕ

ನಾನು ಇಲ್ಲಿ ಬರೆಯುವುದು ಕಡಿಮೆ. ಓದುತ್ತೇನೆ. ಉಪ್ಪಳದ ಹುಡುಗಿಯ ಪ್ರಶ್ನೆ ಓದಿ ಎರಡು ದಿನ ಯೋಚನೆ ಮಾಡಿದೆ.

ನನಗೆ ಒಬ್ಬ ಅಕ್ಕ ಇದ್ದಾಳೆ. ನನಗಿಂತ ಮೂರು ವರ್ಷ ದೊಡ್ಡವಳು. ಅವಳಿಗೆ 1973ರಲ್ಲಿ ಮೊದಲ ಮಗು ಆಯಿತು. ಬಾಣಂತನಕ್ಕೆ ನಮ್ಮ ಮನೆಗೇ ಬಂದಿದ್ದಳು. ಇಪ್ಪತ್ತು ದಿನ ಆಗುವಾಗ ನಿದ್ರೆ ಬಿಟ್ಟಳು. ರಾತ್ರಿ ಎದ್ದು ಕೂರುವುದು, ಮಗು ತನ್ನದಲ್ಲ ಅನ್ನುವುದು, ಸುಮ್ನೆ ನಗುವುದು. ಯಾರೋ ಮಂತ್ರಿಸಿ ನೂಲು ಕಟ್ಟಿದರು, ಇನ್ಯಾರೋ ನಾಗನ ದೋಷ ಅಂದರು. ಕೊನೆಗೆ ಅಪ್ಪ ಆಸ್ಪತ್ರೆಗೆ ಸೇರಿಸಿದರು, ದೂರದ ಊರಿಗೆ. ನಾಲ್ಕು ತಿಂಗಳು ಅಲ್ಲಿ ಇದ್ದಳು. ಗುಣವಾಗಿಯೇ ಬಂದಳು. ಡಾಕ್ಟರು ಬರೆದೂ ಕೊಟ್ಟಿದ್ದರು.

ಆಮೇಲೆ ಮನೆಯಲ್ಲಿ ನಾವು ಮಾಡಿದ್ದನ್ನು ಹೇಳುತ್ತೇನೆ. ಯಾರೂ ಅವಳನ್ನು ಬೈಯಲಿಲ್ಲ, ಹೊಡೆಯಲಿಲ್ಲ. ಎಲ್ಲ ಪ್ರೀತಿಯಿಂದಲೇ. ಬಾವಿಯ ಕಡೆಯ ಬಾಗಿಲಿಗೆ ಹೊಸ ಚಿಲಕ ಬಂತು. ಮೆಟ್ಟುಕತ್ತಿ ಅಡುಗೆಮನೆಯಿಂದ ಅಟ್ಟಕ್ಕೆ ಹೋಯಿತು, ತರಕಾರಿ ಹೆಚ್ಚಲಿಕ್ಕೆ ಅಮ್ಮ ದಿನಾ ಅಟ್ಟದಿಂದ ಇಳಿಸಿ ಮತ್ತೆ ಏರಿಸುತ್ತಿದ್ದರು. ಅಕ್ಕ ಒಲೆಯ ಹತ್ತಿರ ಬಂದರೆ "ನೀನು ಕೂತುಕೋ, ನಾವು ಮಾಡುತ್ತೇವೆ." ಮಗುವನ್ನು ಎತ್ತಿಕೊಂಡರೆ ಯಾರಾದರೂ ಒಬ್ಬರು ಹಿಂದೆ. ಅವಳು ಜೋರಾಗಿ ನಕ್ಕರೆ ನಾವು ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು. ಅದನ್ನು ಅವಳು ನೋಡುತ್ತಿದ್ದಳು. ಸ್ವಲ್ಪ ಸಮಯದ ನಂತರ ನಗುವುದನ್ನೇ ಬಿಟ್ಟಳು. ಆಗ ನಾವು, ಈಗ ಪೂರ್ತಿ ಗುಣವಾಯಿತು ಅಂದುಕೊಂಡೆವು.

ಶರಪಂಜರ ನಾನು ನೋಡಿದ್ದು ಅದಾಗಿ ಎರಡು ವರ್ಷಕ್ಕೆ, ಎರಡನೇ ಸಲ ಟಾಕೀಸಿಗೆ ಬಂದಾಗ. ಅಮ್ಮನೂ ಇದ್ದರು. ಕಾವೇರಿ ಆಸ್ಪತ್ರೆಯಿಂದ ಮನೆಗೆ ಬರುತ್ತಾಳಲ್ಲ, ಅವಳು ಎಂತ ಮಾಡಿದರೂ ಮನೆಯವರು, ಕೆಲಸದವರು, ನೆರೆಯವರು ಅವಳನ್ನು ನೋಡುವ ಆ ನೋಟ. ಕ್ಯಾಮೆರಾ ಆ ನೋಟವನ್ನೇ ಹಿಡಿಯುತ್ತದೆ. ನನಗೆ ಉಸಿರು ಕಟ್ಟಿದ ಹಾಗಾಯಿತು. ಅದು ನಮ್ಮ ಅಡುಗೆಮನೆ. ಆ ಕಣ್ಣು ನನ್ನದು. ಅಲ್ಲಿಯ ತನಕ ನಾನು ನನ್ನನ್ನು ಅಕ್ಕನನ್ನು ಪ್ರೀತಿಸುವ ತಂಗಿ ಅಂತ ಮಾತ್ರ ತಿಳಿದಿದ್ದೆ. ಅಮ್ಮನ ಕಡೆ ನೋಡಿದೆ. ಅವರು ಸೆರಗು ಬಾಯಿಗೆ ಇಟ್ಟುಕೊಂಡಿದ್ದರು.

ಮಗಳೇ, ನೀನು ಕೇಳಿದೆ, ಅತ್ತು ಬಂದು ಅದೇ ಪಾತ್ರೆ ತೊಳೆದರು ಅಲ್ವಾ ಅಂತ. ಹೌದು, ತೊಳೆದೆವು. ಆದರೆ ಮರುದಿನ ಬೆಳಿಗ್ಗೆ ಅಮ್ಮ ಮೆಟ್ಟುಕತ್ತಿಯನ್ನು ಅಟ್ಟದಿಂದ ಇಳಿಸಿ ಮೊದಲಿನ ಜಾಗದಲ್ಲಿ ಇಟ್ಟರು. ಅಕ್ಕನನ್ನು ಕರೆದು, ಸೌತೆಕಾಯಿ ಹೆಚ್ಚಿಕೊಡು ಅಂದರು. ಒಂದು ಮಾತೂ ಜಾಸ್ತಿ ಆಡಲಿಲ್ಲ. ಅಕ್ಕ ಹೆಚ್ಚಿದಳು. ಸಾಂಬಾರಿಗೆ ಹಾ‍ಕುವ ಹೋಳಿಗಿಂತ ಸ್ವಲ್ಪ ದೊಡ್ಡದಾಗಿಯೇ ಹೆಚ್ಚಿದಳು, ಅಭ್ಯಾಸ ತಪ್ಪಿತ್ತು.

ಕಾವೇರಿಯ ಕಥೆಗೆ ಒಳ್ಳೆಯ ಕೊನೆ ಕೊಟ್ಟಿದ್ದರೆ, ಎಲ್ಲರೂ ಅವಳನ್ನು ಅರ್ಥ ಮಾಡಿಕೊಂಡರು ಅಂತ ತೋರಿಸಿದ್ದರೆ, ಅಮ್ಮ ಆ ಕತ್ತಿ ಇಳಿಸುತ್ತಿದ್ದರು ಅಂತ ನನಗೆ ಅನಿಸುವುದಿಲ್ಲ.

ಕುಂಬಳೆ ಕಡಲು

ಅಕ್ಕ, ಇದನ್ನು ಬರೆದದ್ದಕ್ಕೆ ಕೈಮುಗಿಯುತ್ತೇನೆ. ನಾನು ಈ ಚರ್ಚೆ ಸುರು ಮಾಡುವಾಗ ಇಂಥದ್ದು ಬರುತ್ತದೆ ಅಂತ ಅಂದುಕೊಂಡಿರಲಿಲ್ಲ.

ಪೆರ್ಲದ ರೇಡಿಯೋ

ಎರಡು ಸಲ ಓದಿದೆ ಅಕ್ಕ. ಒಂದು ಸಣ್ಣ ವಿಷಯ ಸೇರಿಸುತ್ತೇನೆ. ತ್ರಿವೇಣಿಯವರು ಮನಶ್ಶಾಸ್ತ್ರ ಓದಿದವರು. 1963ರಲ್ಲೇ ತೀರಿಕೊಂಡರು, ಇನ್ನೂ ಮೂವತ್ತೈದು ಆಗಿರಲಿಲ್ಲ. ಬೆಳ್ಳಿಮೋಡ, ಶರಪಂಜರ ಯಾವುದನ್ನೂ ಅವರು ತೆರೆಯ ಮೇಲೆ ನೋಡಲಿಲ್ಲ. ಮುಳ್ಳೇರಿಯಲ್ಲಿ ಒಂದು ಮನೆಯ ಅಟ್ಟದಿಂದ ಕತ್ತಿ ಇಳಿಯಿತು ಅಂತಲೂ ಅವರಿಗೆ ಗೊತ್ತಾಗಲಿಲ್ಲ.

ಉಪ್ಪಳದಿಂದ

ಅಮ್ಮ, ನಿಮ್ಮನ್ನು ಹಾಗೆ ಕರೆಯಬಹುದು ಅಲ್ವಾ. ನಾನು ಬರೆದ ಪಾತ್ರೆಯ ಮಾತು ಹಿಂದೆ ತೆಗೆದುಕೊಳ್ಳುತ್ತೇನೆ. ಪ್ರಶ್ನೆ ನನ್ನಲ್ಲಿ ಇನ್ನೂ ಸ್ವಲ್ಪ ಉಳಿದಿದೆ, ಗೆಜ್ಜೆಪೂಜೆಯ ಚಂದ್ರಾ ಸಾಯಬೇಕಿರಲಿಲ್ಲ ಅಂತ ಈಗಲೂ ಅನಿಸುತ್ತದೆ. ಬೆಳ್ಳಿಮೋಡ ನೋಡಿದೆ. ಮಾಷ್ಟ್ರು ಹೇಳಿದ್ದು ಸರಿ. ಇಂದಿರೆ ಬೇಡ ಅಂದಾಗ ರೈಲಿನಲ್ಲಿ ನಾನೊಬ್ಬಳೇ ಜೋರಾಗಿ "ಹಾಂ!" ಅಂದೆ, ಎದುರು ಕೂತವರು ತಿರುಗಿ ನೋಡಿದರು. ಅವಳ ಸ್ವರದಲ್ಲಿ ಸೇಡು ಇಲ್ಲ. ಅದು ನನಗೆ ತುಂಬ ಹಿಡಿಸಿತು.

ಒಂದು ಕೇಳಬಹುದಾ? ನಿಮ್ಮ ಅಕ್ಕ ಶರಪಂಜರ ನೋಡಿದ್ದಾರಾ?

ಮುಳ್ಳೇರಿಯದ ಅಕ್ಕ

ಅಮ್ಮ ಅಂತಲೇ ಕರಿ ಮಗಳೇ. ಇಲ್ಲ, ನೋಡಿಲ್ಲ. 50 ವರ್ಷದಲ್ಲಿ ಅವಳ ಎದುರು ಆ ಸಿನಿಮಾದ ಹೆಸರು ಹೇಳಲಿಕ್ಕೂ ನಮಗ್ಯಾರಿಗೂ ಧೈರ್ಯ ಬಂದಿಲ್ಲ. ರೇಡಿಯೋದಲ್ಲಿ ಅದರ ಹಾಡು ಬಂದರೆ ಯಾರಾದರೂ ಎದ್ದು ಹೋಗಿ ಸ್ವರ ಕಡಿಮೆ ಮಾಡುತ್ತಿದ್ದೆವು. ನೀನು ಕೇಳಿದ ಮೇಲೆ ಯೋಚಿಸುತ್ತಿದ್ದೇನೆ, ಅದೂ ಮತ್ತೆ ಅದೇ ನೋಟ ಅಲ್ವಾ.

ಹೊಸದುರ್ಗದವ

ಮಾತು ಸ್ವಲ್ಪ ಬೇರೆ ಕಡೆ ತಿರುಗಿಸುತ್ತೇನೆ, ಕ್ಷಮಿಸಿ. ಪುಟ್ಟಣ್ಣನ ಕೊನೆಯ ಹತ್ತು ಹನ್ನೊಂದು ವರ್ಷದ ಸಿನಿಮಾಗಳ ಬಗ್ಗೆ ಯಾರೂ ಹೆಚ್ಚು ಮಾತಾಡಲಿಲ್ಲ. ಎಲ್ಲವೂ ಒಂದೇ ಎತ್ತರದಲ್ಲಿ ಇಲ್ಲ ಅನ್ನುವುದನ್ನು ಒಪ್ಪಬೇಕು. ಕಾಲೇಜು ರಂಗ, ಫಲಿತಾಂಶ ನನಗೆ ಹಿಡಿಸಲಿಲ್ಲ. ನಾಗರಹಾವನ್ನು ಹಿಂದಿಯಲ್ಲಿ ಜಹರೀಲಾ ಇನ್ಸಾನ್ ಅಂತ 1974ರಲ್ಲಿ ಮಾಡಿದರು, ರಿಷಿ ಕಪೂರ್ ಇದ್ದರು, ಆದರೆ ದುರ್ಗದ ಮಣ್ಣಿನ ಬಿಸಿ ಅದರಲ್ಲಿ ಇಲ್ಲ. ಕಥಾಸಂಗಮ ಮಾತ್ರ ಎಲ್ಲರೂ ನೋಡಬೇಕು. ಮೂರು ಸಣ್ಣ ಕಥೆ ಸೇರಿಸಿ ಒಂದು ಸಿನಿಮಾ, 1976ರಲ್ಲಿ! ಮುನಿತಾಯಿ ಕಥೆಯಲ್ಲಿ ಕಣ್ಣು ಕಾಣದ ಹೆಂಗಸಾಗಿ ಆರತಿ, ಅವಳ ದುರ್ಬಲತೆಯ ಲಾಭ ಪಡೆಯುವವನಾಗಿ ರಜನೀಕಾಂತ್. ಅವರು ಆಗ ಇನ್ನೂ ಹೊಸಬರು.

ತಾಳವಾಡಿ ಹುಡುಗ

ರಂಗನಾಯಕಿ ಬಿಟ್ಟಿರಿ ಅಣ್ಣ! 1981. ನನ್ನ ಮಟ್ಟಿಗೆ ಆರತಿಯವರ ಎಲ್ಲಕ್ಕಿಂತ ದೊಡ್ಡ ಕೆಲಸ. ನಾಟಕ ಕಂಪೆನಿಯ ನಟಿ, ರಂಗದ ಮೇಲೆ ಎಲ್ಲರ ರಾಣಿ, ಮನೆಯಲ್ಲಿ ಮಾತ್ರ ಜಾಗ ಇಲ್ಲ. ದೂರವಾಗಿ ಬೆಳೆದ ಮಗ ಅವಳು ತಾಯಿ ಅಂತ ತಿಳಿಯದೆಯೇ ಅವಳತ್ತ ಮನಸ್ಸು ಹರಿಸುತ್ತಾನೆ. ಇಂಥ ಕಥೆಯನ್ನು ಮುಟ್ಟಲಿಕ್ಕೂ ಎದೆ ಬೇಕು. ಒಂದು ಚೂರು ಅಸಹ್ಯ ಆಗದ ಹಾಗೆ ದಾಟಿಸಿದ್ದಾರೆ. ನೋಡುವವನಿಗೆ ಗೊತ್ತು, ಅವಳಿಗೆ ಗೊತ್ತಾಗುತ್ತದೆ, ಅವನಿಗೆ ಗೊತ್ತಿಲ್ಲ.

ಬದಿಯಡ್ಕ ಮಾಷ್ಟ್ರು

ಮಸಣದ ಹೂವಿನಿಂದ ಸುರುವಾದ ಚರ್ಚೆ, ಆದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಆ ಸಿನಿಮಾದಲ್ಲಿ ಹೊಸ ಹುಡುಗಿಯಾಗಿ ಬಂದವರು ಅಪರ್ಣಾ. ಆಮೇಲೆ ಎಷ್ಟೋ ವರ್ಷ ಅವರ ಸ್ವಚ್ಛ ಕನ್ನಡವನ್ನು ಎಲ್ಲರೂ ಕೇಳಿದ್ದೀರಿ, ಬೆಂಗಳೂರಿನ ಮೆಟ್ರೋದಲ್ಲೂ ಅವರದೇ ಧ್ವನಿ. ಕಳೆದ ವರ್ಷ ಅವರೂ ಹೋದರು. ಮಗನ ಮನೆಗೆ ಹೋದಾಗ ಮೆಟ್ರೋದಲ್ಲಿ ಕೂತರೆ ಮುಂದಿನ ನಿಲ್ದಾಣದ ಹೆಸರು ಕೇಳಿಸುತ್ತದೆ, ನನಗೆ ಪುಟ್ಟಣ್ಣನ ನೆನಪಾಗುತ್ತದೆ.

ಮುಳ್ಳೇರಿಯದ ಅಕ್ಕ

ಹತ್ತು ದಿನದ ನಂತರ ಬರೆಯುತ್ತಿದ್ದೇನೆ. ಚರ್ಚೆ ಮುಗಿದಿರಬಹುದು, ಆದರೂ ಉಪ್ಪಳದ ಮಗಳಿಗೆ ಹೇಳಬೇಕು.

ಮೊನ್ನೆ ಅಕ್ಕ ನಮ್ಮ ಮನೆಗೆ ಬಂದಿದ್ದಳು. ಮಳೆ, ಎಲ್ಲಿಗೂ ಹೋಗುವ ಹಾಗಿಲ್ಲ. ನಾನು ನೇರವಾಗಿ ಕೇಳಿದೆ, ಶರಪಂಜರ ನೋಡುವಾ ಅಂತ. ಅವಳು ನನ್ನ ಮುಖ ನೋಡಿ, "ಅದರ ಕಥೆ ನನಗೆ ಗೊತ್ತುಂಟು, ಪುಸ್ತಕ ಯಾವತ್ತೋ ಓದಿದ್ದೇನೆ" ಅಂದಳು. ನಮಗೆ ಯಾರಿಗೂ ತಿಳಿಯದ ಹಾಗೆ ಓದಿದ್ದಳು! ಮೊಮ್ಮಗ ಟಿವಿಗೆ ಮೊಬೈಲು ಜೋಡಿಸಿ ಹಾಕಿಕೊಟ್ಟ.

ಉತ್ತರ ಧ್ರುವದಿಂ ಬರುವಾಗ ಅವಳೂ ಒಟ್ಟಿಗೆ ಹಾಡಿದಳು. ನಾನು ರಿಮೋಟು ಹಿಡಿದಿದ್ದೆ, ಸ್ವರ ಜಾಸ್ತಿ ಮಾಡಿದೆ. ಕಾವೇರಿ ಆಸ್ಪತ್ರೆಯಿಂದ ಬಂದ ಮೇಲಿನ ಭಾಗ ಬಂದಾಗ ನಾನು ಅವಳ ಕಡೆ ನೋಡಬಾರದು ಅಂತ ಗಟ್ಟಿ ಮನಸ್ಸು ಮಾಡಿ ಟಿವಿಯನ್ನೇ ನೋಡಿದೆ. ಅವಳು ಅಳಲಿಲ್ಲ. ಕೊನೆಯಲ್ಲಿ ಕೇಳಿದಳು, "ಆಮೇಲೆ ಅವಳನ್ನು ನೋಡಲಿಕ್ಕೆ ಯಾರಾದರೂ ಹೋದರಾ?"

ನಾಲ್ಕು ತಿಂಗಳಲ್ಲಿ ನಾನು ಅವಳನ್ನು ನೋಡಲಿಕ್ಕೆ ಹೋದದ್ದು ಒಂದು ಸಲ. ಬಸ್ಸು ಬದಲಿಸಬೇಕಿತ್ತು, ಕಾಲೇಜಿತ್ತು, ಅಪ್ಪ ಬೇಡ ಅಂದಿದ್ದರು, ಎಲ್ಲ ನಿಜ. ಅದನ್ನು ಈಗ ಹೇಳಿದೆ, ಇಷ್ಟು ವರ್ಷದ ನಂತರ. ಅವಳು, "ನೀನು ಬಂದ ದಿನ ನೀಲಿ ಲಂಗ ಹಾಕಿದ್ದೆ, ನನಗೆ ಚಕ್ಕುಲಿ ತಂದಿದ್ದೆ" ಅಂದಳು. ಆಮೇಲೆ ಎದ್ದು ಅಡುಗೆಮನೆಗೆ ಹೋಗಿ ಇಬ್ಬರಿಗೂ ಚಾ ಇಟ್ಟಳು. ಏಲಕ್ಕಿ ಎಲ್ಲುಂಟು ಅಂತ ಅಲ್ಲಿಂದಲೇ ಕೇಳಿದಳು.